ಬ್ರೆಡ್ ಮೇಲೆ ಕೈಮಾ: ಯಾವ ಮಾಂಸ, ಯಾವ ಬ್ರೆಡ್, ಯಾವ ವಿಧಾನ?

ಮೇಲೆ ಮುಚ್ಚದ ಸ್ಯಾಂಡ್‌ವಿಚ್ ನಮ್ಮ ಕಡೆಯವರಿಗೆ ಹೊಸದೇನಲ್ಲ. ಅಯ್ಯಂಗಾರ್ ಬೇಕರಿಯಲ್ಲಿ ಸಂಜೆ ನಿಂತು ತಿನ್ನುವ ಮಸಾಲಾ ಟೋಸ್ಟ್ ಅದೇ ಅಲ್ವಾ? ಬೆಣ್ಣೆ ಸವರಿ ಕಾಯಿಸಿದ ಒಂದು ಸ್ಲೈಸ್, ಅದರ ಮೇಲೆ ಈರುಳ್ಳಿ, ಕ್ಯಾರೆಟ್, ಕ್ಯಾಪ್ಸಿಕಂ ಹಾಕಿದ ಖಾರದ ಪಲ್ಯ. ಆ ಪಲ್ಯದ ಜಾಗದಲ್ಲಿ ಕೈಮಾ ಬಂದರೆ ಅದು ಅಮೆರಿಕ, ಬ್ರಿಟನ್, ಡೆನ್ಮಾರ್ಕಿನ ಎಷ್ಟೋ ಮನೆಗಳ ರಾತ್ರಿ ಊಟ. ಒಂದು ಸ್ಲೈಸ್ ತಿಂದರೆ ಹೊಟ್ಟೆ ತುಂಬಬೇಕು, ಅಷ್ಟು ಗಟ್ಟಿಯಾಗಿ ಹೇರಿರುತ್ತಾರೆ.

ಅಲ್ಲಿ ಅದನ್ನು ಬೀಫ್ ಕೈಮಾದಲ್ಲಿ ಮಾಡುತ್ತಾರೆ. ಕೋಲಾರದಲ್ಲಿ ಕೂತು ಮಾಡಲು ಹೊರಟರೆ ಮಾಂಸದಿಂದಲೇ ಪ್ರಶ್ನೆ ಶುರುವಾಗುತ್ತದೆ. ಮಟನ್ನೋ, ಚಿಕನ್ನೋ, ಬೀಫೋ? ಬೇಕರಿ ಬ್ರೆಡ್ ತಡೆಯುತ್ತದೋ ಇಲ್ಲವೋ? ಡ್ರೈ ಆಗಿ ಹುರಿಯಬೇಕೋ, ಗ್ರೇವಿ ಮಾಡಬೇಕೋ? ಓವನ್ ಇಲ್ಲದಿದ್ದರೆ ಏನು ಗತಿ?

ಈ ಎಲ್ಲ ಪ್ರಶ್ನೆಯ ಹಿಂದೆ ಇರುವುದು ಒಂದೇ ವಿಷಯ, ನೀರು. ಕೈಮಾ ಎಷ್ಟು ನೀರು ಬಿಡುತ್ತದೆ, ಬ್ರೆಡ್ ಎಷ್ಟು ನೀರು ಕುಡಿಯುತ್ತದೆ. ಮಸಾಲೆ ಹೆಚ್ಚುಕಡಿಮೆ ಆದರೆ ಯಾರೂ ತಟ್ಟೆ ಸರಿಸುವುದಿಲ್ಲ. ಬ್ರೆಡ್ ನೆನೆದು ಮುದ್ದೆಯಾದರೆ ಮಾತ್ರ ಮನೆಯವರು ಇನ್ನೊಂದು ಸಲ ಕೇಳುವುದಿಲ್ಲ. ಅದಕ್ಕೇ ಕೆಳಗಿನ ಹೋಲಿಕೆಯನ್ನೆಲ್ಲ ನೀರಿನ ಲೆಕ್ಕದಲ್ಲೇ ಮಾಡಿದ್ದೇನೆ.

ಯಾವ ಕೈಮಾ?

ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರುತ್ತದೆ. ದೊಡ್ಡ ತುಂಡು ಬೇಯಿಸಿದರೆ ಸ್ವಲ್ಪ ನೀರಾದರೂ ಒಳಗೆ ನಿಲ್ಲುತ್ತದೆ. ಕೊಚ್ಚಿದ ಮಾಂಸದಲ್ಲಿ ನಿಲ್ಲುವುದು ಕಷ್ಟ, ಬಾಣಲೆಗೆ ಬಿದ್ದ ಸ್ವಲ್ಪ ಹೊತ್ತಿಗೇ ಹೊರಗೆ ಬಂದು ಕುದಿಯಲು ಶುರುವಾಗುತ್ತದೆ. ನೀರು ಇರುವ ತನಕ ಮಾಂಸದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೈಮಾ ಕಂದು ಬಣ್ಣಕ್ಕೆ ತಿರುಗಿ ಘಮ್ ಅನ್ನಬೇಕಾದರೆ ಸುಮಾರು 140 ಡಿಗ್ರಿ ಬೇಕು. ಅಂದರೆ ನೀರು ಇಂಗುವವರೆಗೆ ನೀವು ಹುರಿಯುತ್ತಿಲ್ಲ, ಬೇಯಿಸುತ್ತಿದ್ದೀರಿ ಅಷ್ಟೇ.

ಮಟನ್ ಕೈಮಾ ಈ ವಿಷಯದಲ್ಲಿ ಒಳ್ಳೆಯದು. ಕೊಬ್ಬು ಇರುವುದರಿಂದ ನೀರು ಇಂಗಿದ ಮೇಲೆ ತನ್ನ ಕೊಬ್ಬಿನಲ್ಲೇ ಹುರಿದುಕೊಳ್ಳುತ್ತದೆ, ಎಣ್ಣೆ ಜಾಸ್ತಿ ಕೇಳುವುದಿಲ್ಲ. ಕುರಿಯದ್ದಾದರೆ ಕೊಬ್ಬು ಹೆಚ್ಚು, ಮೇಕೆಯದ್ದಾದರೆ ಕಡಿಮೆ. ಬ್ರೆಡ್ ಮೇಲೆ ಹಾಕಲು ನನ್ನ ಆಯ್ಕೆ ಕುರಿ. ಮೇಕೆ ಕೈಮಾ ಸಾರಿಗೆ, ಉಂಡೆಗೆ ಚೆನ್ನ, ಡ್ರೈ ಮಾಡಿದರೆ ಹರಳು ಹರಳಾಗಿ ಬ್ರೆಡ್ ಮೇಲಿಂದ ಉದುರುತ್ತದೆ.

ಮಟನ್‌ನ ತೊಂದರೆ ಬೇರೆ ಇದೆ. ಆರಿದ ಮೇಲೆ ಅದರ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ಬಾಯಿಗೆ ಅಂಟಿಕೊಳ್ಳುವ ಆ ಮೇಣದಂಥ ಪದರ ಗೊತ್ತಲ್ವಾ, ಅದೇ. ಹಾಗಾಗಿ ಮಟನ್ ಟೋಸ್ಟ್ ಬಿಸಿಬಿಸಿಯಾಗಿ ತಿನ್ನುವ ಮನೆಗೆ ಮಾತ್ರ. ಒಬ್ಬರು ಆರಕ್ಕೆ, ಇನ್ನೊಬ್ಬರು ಏಳೂವರೆಗೆ ಬಂದು ತಿನ್ನುವ ಮನೆಯಾದರೆ ಸುಮ್ನೆ ಚಿಕನ್ ಮಾಡಿ. ಕೋಳಿ ಕೊಬ್ಬು ಕಡಿಮೆ ಬಿಸಿಗೇ ಕರಗುತ್ತದೆ, ಆರಿದರೂ ಬಾಯಿಗೆ ಅಂಟುವುದಿಲ್ಲ. ಮಕ್ಕಳ ಡಬ್ಬಿಗೂ ಅದೇ ವಾಸಿ.

ಆದರೆ ಚಿಕನ್ ಕೈಮಾ ನೀರಿನ ವಿಷಯದಲ್ಲಿ ಅತಿ ಕಷ್ಟದ್ದು. ಅದರಲ್ಲೂ ಎದೆ ಮಾಂಸ. ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ನೀರು ಬಿಟ್ಟು ಬಿಟ್ಟು ಕೊನೆಗೆ ರವೆಯ ಹಾಗೆ ಒಣಗುತ್ತದೆ. ಚಿಕನ್ ಬೇಕೇ ಬೇಕು ಅಂದರೆ ತೊಡೆಯ ಬೋನ್‌ಲೆಸ್ ತೆಗೆದುಕೊಳ್ಳಿ. ನಮ್ಮ ಕಡೆ ಸಣ್ಣ ಕೋಳಿ ಅಂಗಡಿಗಳಲ್ಲಿ ಕೈಮಾ ಮಾಡಿಕೊಡುವುದು ಕಡಿಮೆ, ಮನೆಯಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ತುಂಡುಗಳನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಒಂದೊಂದು ಸುತ್ತು ಕೊಡಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಅಂಟಾಗುತ್ತದೆ, ಕೈಮಾ ಹೋಗಿ ಹಿಟ್ಟಾಗುತ್ತದೆ.

ಇನ್ನು ಬೀಫ್. ತಿನ್ನುವ ಮನೆಗಳಿವೆ, ತಿನ್ನದ ಮನೆಗಳಿವೆ. ತಿನ್ನದವರು ಮುಂದಿನ ಒಂದೆರಡು ಪ್ಯಾರಾ ಬಿಟ್ಟು ಓದಬಹುದು. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಇದಕ್ಕೆ ಹಳೆಯ ನಂಟಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಚಿನ್ನ ತೆಗೆಯಲು ಬಂದಾಗ ಬ್ರಿಟಿಷರು, ಆಂಗ್ಲೋ-ಇಂಡಿಯನ್ನರು ಬಂದು ನೆಲೆಸಿದರು. ಗಣಿ 2001ರಲ್ಲಿ ಮುಚ್ಚಿತು. ಅಡುಗೆ ಮಾತ್ರ ಮುಚ್ಚಲಿಲ್ಲ. ಕೈಮಾ ಕಟ್ಲೆಟ್, ತೆಂಗಿನಹಾಲಿನ ಹಳದಿ ಅನ್ನದ ಜೊತೆ ಬಾಲ್ ಕರಿ ಈಗಲೂ ಆ ಮನೆಗಳ ಹೆಮ್ಮೆ. ಬಾಲ್ ಕರಿ ಅಂದರೆ ನಮ್ಮ ಕೈಮಾ ಉಂಡೆ ಸಾರಿನ ದಾಯಾದಿ, ಅಷ್ಟೇ.

ಆದರೆ ಅಮೆರಿಕದ ಪಾಕವಿಧಾನವನ್ನು ಇಲ್ಲಿನ ಬೀಫ್‌ಗೆ ಹಾಗೇ ಇಳಿಸಲು ಬರುವುದಿಲ್ಲ. ಅಲ್ಲಿನ ಅಂಗಡಿಯಲ್ಲಿ ಪೊಟ್ಟಣದ ಮೇಲೇ 80-20, 85-15 ಅಂತ ಬರೆದಿರುತ್ತದೆ. ಮೊದಲಿನದು ಮಾಂಸ, ಎರಡನೆಯದು ಕೊಬ್ಬು. ಕೊಬ್ಬು ನೂರಕ್ಕೆ 30 ದಾಟಬಾರದು ಅಂತ ಅಲ್ಲಿ ನಿಯಮವೇ ಇದೆ. ಅಲ್ಲಿನ ಬೀಫ್ ಹಸು ಜಾತಿಯದ್ದು, ಅದರಲ್ಲೂ ಹೆಚ್ಚಿನದು ಚಿಕ್ಕ ವಯಸ್ಸಿನ ದನದ್ದು. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಪ್ರಕಾರ ಹಸು, ಎತ್ತು, ಕರುಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಎಮ್ಮೆ, ಕೋಣ 13 ವರ್ಷ ದಾಟಿರಬೇಕು. ಹಾಗಾಗಿ ಇಲ್ಲಿ ಕಾನೂನು ಪ್ರಕಾರ ಬೀಫ್ ಅಂತ ಸಿಗುವುದು ವಯಸ್ಸಾದ ಎಮ್ಮೆ ಮಾಂಸ. ಬಣ್ಣ ಕಡು ಕೆಂಪು, ಕೊಬ್ಬು ಬಿಳಿ ಮತ್ತು ಕಡಿಮೆ, ನಾರು ಗಟ್ಟಿ.

ಇದರ ಅರ್ಥ ಅಡುಗೆಯಲ್ಲಿ ಏನು? ಚಪ್ಪಟೆ ವಡೆ ತಟ್ಟಿ ತವಾ ಮೇಲೆ ಐದು ನಿಮಿಷ ಕಾಯಿಸುವ ಅಮೆರಿಕನ್ ವಿಧಾನಕ್ಕೆ ಇದು ಸರಿಹೋಗುವುದಿಲ್ಲ, ಅಗಿದು ಅಗಿದು ದವಡೆ ನೋಯುತ್ತದೆ. ಮೆಷಿನ್‌ನಲ್ಲಿ ಎರಡು ಸಲ ಆಡಿಸಿ, ಕುಕ್ಕರ್‌ನಲ್ಲಿ ಬೇಯಿಸಿ, ಆಮೇಲೆ ನೀರು ಇಂಗಿಸಿ ಹುರಿದರೆ ಮಾತ್ರ ರುಚಿ ಹೊರಗೆ ಬರುತ್ತದೆ. ಹಾಗೆ ಮಾಡಿದರೆ ಮೂರರಲ್ಲಿ ಅತ್ಯಂತ ಗಾಢ ರುಚಿ ಇದರದ್ದೇ ಅನ್ನುವುದನ್ನೂ ಒಪ್ಪಬೇಕು. ಗ್ರೇವಿ ಟೋಸ್ಟ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ದುಡ್ಡಿನ ಲೆಕ್ಕ ಬೇರೆ. ಮಟನ್ ಕೊಳ್ಳುವ ದುಡ್ಡಿಗೆ ಚಿಕನ್ ಎರಡು ಮೂರು ಪಟ್ಟು ಬರುತ್ತದೆ. ದೊಡ್ಡ ಕುಟುಂಬವಾದರೆ ಅರ್ಧ ಮಟನ್ ಅರ್ಧ ಚಿಕನ್ ತೊಡೆ ಬೆರೆಸುವುದು ಒಳ್ಳೆಯ ಉಪಾಯ. ಮಟನ್ ಕೊಬ್ಬು ಚಿಕನ್‌ಗೆ ಆಗುತ್ತದೆ, ವಾಸನೆಯೂ ಹದವಾಗುತ್ತದೆ. ಬೆರಸಿದರೆ ಮಟನ್ ಮುಂಚೆ ಬೇಯಲು ಬಿಟ್ಟು ಚಿಕನ್ ಆಮೇಲೆ ಹಾಕಿ.

ಮಾಂಸದ ಬದಲು ಸೋಯಾ ಹರಳು ಹಾಕಬಹುದಾ ಅಂತ ಕೇಳುವವರಿಗೆ ಒಂದೇ ಮಾತು: ಬಿಸಿನೀರಲ್ಲಿ ನೆನೆಸಿದ ಮೇಲೆ ಕೈಯಲ್ಲಿ ಎಷ್ಟು ಹಿಂಡುತ್ತೀರೋ ಅಷ್ಟು ಚೆನ್ನಾಗಿರುತ್ತದೆ. ಮಸಾಲೆ ಜಾಸ್ತಿ ಹಾಕಿ.

ಅಂಗಡಿಯಲ್ಲಿ ಕೇಳುವುದು

ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತು "ಅರ್ಧ ಕೆಜಿ ಕೈಮಾ" ಅಂದರೆ ಕೈಗೆ ಸಿಕ್ಕ ತುಂಡು ಮೆಷಿನ್‌ಗೆ ಬೀಳುತ್ತದೆ. ನಾನು ಹೀಗೆ ಕೇಳುತ್ತೇನೆ.

"ಭಾಯ್, ಭುಜದ ಕಡೆಯದು ತಗೊಳ್ಳಿ. ಕೊಬ್ಬು ಪೂರ್ತಿ ತೆಗೀಬೇಡಿ, ಸ್ವಲ್ಪ ಬಿಡಿ."

"ಎಲ್ರೂ ಕೊಬ್ಬು ತೆಗೀರಿ ಅಂತಾರೆ, ನೀವು ಬಿಡಿ ಅಂತೀರಲ್ಲಕ್ಕಾ. ಆಮೇಲೆ ವಾಸನೆ ಅಂದ್ರೆ ನನ್ನ ಕೇಳ್ಬೇಡಿ."

ಅವರು ಹೇಳುವುದರಲ್ಲಿ ನಿಜ ಇದೆ. ಮಟನ್ ವಾಸನೆ ಕುಳಿತಿರುವುದು ಹೆಚ್ಚಾಗಿ ಕೊಬ್ಬಿನಲ್ಲೇ. ಅದಕ್ಕೇ ಬೀಫ್‌ನ 80-20 ಲೆಕ್ಕ ಮಟನ್‌ಗೆ ಬೇಡ. ಅರ್ಧ ಕೆಜಿಯಲ್ಲಿ 70 ಗ್ರಾಂ ಆಸುಪಾಸು ಕೊಬ್ಬು ಸಾಕು. ಎಮ್ಮೆ ಮಾಂಸವಾದರೆ 100 ಗ್ರಾಂ ತನಕ ಹಾಕಿಸಿಕೊಳ್ಳಬಹುದು, ಅದರಲ್ಲಿ ಸ್ವಂತ ಕೊಬ್ಬು ಕಡಿಮೆ.

ಇನ್ನೆರಡು ವಿಷಯ. ಮೆಷಿನ್‌ನಿಂದ ಮೊದಲು ಉದುರುವ ಹಿಡಿ ಕೈಮಾ ನಿಮ್ಮ ಮುಂಚೆ ನಿಂತಿದ್ದವರದ್ದು. ಅದನ್ನು ಪಕ್ಕಕ್ಕಿಡಲು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತೊಳೆಯಬೇಕು ಅಂದರೆ ತುಂಡಾಗಿರುವಾಗಲೇ ತೊಳೆಸಿ, ನೀರು ಬಸಿದ ಮೇಲೆ ಆಡಿಸಿ. ಮನೆಗೆ ತಂದು ಕೈಮಾನ ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿಯುವ ರೂಢಿ ತುಂಬಾ ಮನೆಗಳಲ್ಲಿದೆ. ಸಾರಿಗಾದರೆ ನಡೆಯುತ್ತದೆ. ಟೋಸ್ಟ್‌ಗೆ ಅದು ಮೊದಲ ಪೆಟ್ಟು, ಕೈಮಾ ಕುಡಿದ ನೀರನ್ನೆಲ್ಲ ಆಮೇಲೆ ಬಾಣಲೆಯಲ್ಲಿ ಕಕ್ಕುತ್ತದೆ.

ಚಾಕುವಿನಲ್ಲಿ ಕೊಚ್ಚಿದ ಕೈಮಾ ರುಚಿಯಲ್ಲಿ ಮೆಷಿನ್‌ಗಿಂತ ಮೇಲು. ಬಿಡುವಿದ್ದರೆ ಕೊಚ್ಚಿಕೊಡುವವರು ಈಗಲೂ ಇದ್ದಾರೆ. ಆದರೆ ತುಂಡು ದಪ್ಪ ಇರುವುದರಿಂದ ಬೇಯಲು ಹೊತ್ತು ಬೇಕು, ಬ್ರೆಡ್ ಮೇಲೆ ಸಮವಾಗಿ ಕೂರುವುದೂ ಇಲ್ಲ. ಗ್ರೇವಿಗೆ ಕೊಚ್ಚಿದ್ದು, ಡ್ರೈಗೆ ಮೆಷಿನ್‌ದು ಅಂತ ಇಟ್ಟುಕೊಳ್ಳಿ.

ತಂದ ದಿನವೇ ಮಾಡಿ. ಫ್ರಿಜ್‌ನಲ್ಲಿ ಒಂದೆರಡು ದಿನ ಮಾತ್ರ. ಇಡೀ ತುಂಡಿನಲ್ಲಿ ಕ್ರಿಮಿ ಇದ್ದರೆ ಹೆಚ್ಚಾಗಿ ಹೊರಮೈ ಮೇಲಿರುತ್ತವೆ, ಕೈಮಾ ಮಾಡಿದಾಗ ಒಳಗೂ ಹೊರಗೂ ಬೆರೆತುಹೋಗುತ್ತವೆ. ಬಿಸಿಲುಗಾಲದಲ್ಲಿ ಚೀಲದಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತಿ ಬರುವುದಂತೂ ಬೇಡವೇ ಬೇಡ.

ಯಾವ ಬ್ರೆಡ್?

ನನ್ನನ್ನು ಕೇಳಿದರೆ ಮಾಂಸಕ್ಕಿಂತ ಇಲ್ಲಿ ಜಾಸ್ತಿ ಯೋಚಿಸಬೇಕು. ಮುಚ್ಚಿದ ಸ್ಯಾಂಡ್‌ವಿಚ್‌ನಲ್ಲಿ ಭಾರ ಎರಡು ಸ್ಲೈಸ್‌ಗೆ ಹಂಚಿಹೋಗುತ್ತದೆ. ಇಲ್ಲಿ ಎಲ್ಲ ಒಂದರ ಮೇಲೆ.

ಡೆನ್ಮಾರ್ಕಿನವರು ತಮ್ಮ ತೆರೆದ ಸ್ಯಾಂಡ್‌ವಿಚ್‌ಗೆ ರೈ ಧಾನ್ಯದ ಗಟ್ಟಿ ಕಪ್ಪು ಬ್ರೆಡ್ ಬಳಸುತ್ತಾರೆ. ತೆಳ್ಳಗೆ ಕತ್ತರಿಸಿದರೂ ಬಗ್ಗುವುದಿಲ್ಲ. ಅದರ ಮೇಲೆ ಅಂಚಿನಿಂದ ಅಂಚಿಗೆ ಬೆಣ್ಣೆ ಸವರುತ್ತಾರೆ. ರುಚಿಗಷ್ಟೇ ಅಲ್ಲ, ಮೇಲಿನ ಪದಾರ್ಥದ ನೀರು ಬ್ರೆಡ್‌ಗೆ ಇಳಿಯದಿರಲಿ ಅಂತ. ರೈ ಬ್ರೆಡ್ ನಮಗೆ ಇಲ್ಲಿ ಸಿಗುವುದಿಲ್ಲ, ಬೆಣ್ಣೆಯ ಉಪಾಯ ಮಾತ್ರ ಸಿಗುತ್ತದೆ.

ನಮ್ಮ ಬೇಕರಿಯ ಬಿಳಿ ಬ್ರೆಡ್ ಮೆತ್ತಗಿರುತ್ತದೆ, ಸ್ವಲ್ಪ ಸಿಹಿ. ಕಟ್ ಮಾಡಿಟ್ಟ ಪ್ಯಾಕೆಟ್ ಸ್ಲೈಸ್ ಈ ಕೆಲಸಕ್ಕೆ ತೀರಾ ತೆಳು. ಬೇಕರಿಯವರಿಗೆ "ಕಟ್ ಮಾಡ್ಬೇಡಿ, ಪೂರ್ತಿ ಕೊಡಿ" ಅಂತ ಹೇಳಿ ಇಡೀ ಬ್ರೆಡ್ ತಂದು, ಮನೆಯಲ್ಲಿ ಎರಡು ಬೆರಳು ದಪ್ಪಕ್ಕೆ ನೀವೇ ಕತ್ತರಿಸಿ. ಇವತ್ತಿನ ಬ್ರೆಡ್‌ಗಿಂತ ನೆನ್ನೆಯದ್ದು ವಾಸಿ. ಒಂದು ದಿನ ಕಳೆದರೆ ಸ್ವಲ್ಪ ಬಿಗಿಯಾಗುತ್ತದೆ, ಕತ್ತರಿಸಿದರೂ ಕುಸಿಯುವುದಿಲ್ಲ, ಕಾಯಿಸಿದರೆ ಮೇಲ್ಮೈ ಗರಿಗರಿ ಬರುತ್ತದೆ.

ಕಾಯಿಸುವುದು ಎರಡೂ ಕಡೆ, ಸಣ್ಣ ಉರಿಯಲ್ಲಿ, ಮೊದಲು ಬೆಣ್ಣೆ ಇಲ್ಲದೆ. ಬ್ರೆಡ್ ಗಟ್ಟಿಯಾಗಿ ಬೆರಳಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಆಮೇಲೆ ಕೈಮಾ ಕೂರುವ ಕಡೆಗೆ ಬೆಣ್ಣೆ ಸವರಿ ಆ ಮಗ್ಗುಲನ್ನು ಇನ್ನೊಂದು ಸಲ ತವಾಗೆ ತೋರಿಸಿ. ನಂದಿನಿ ಬೆಣ್ಣೆ ಸಾಕು, ತುಪ್ಪವೂ ಆಗುತ್ತದೆ. ಮೂಲೆಗಳನ್ನು ಬಿಡಬೇಡಿ. ಬ್ರೆಡ್ ನೆನೆಯಲು ಶುರುವಾಗುವುದೇ ಮೂಲೆಯಿಂದ.

ಬನ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ನಮ್ಮ ಬೇಕರಿ ಬನ್ ಸಿಹಿ ಜಾಸ್ತಿ, ಕೈಮಾ ಖಾರದ ಜೊತೆ ಕೆಲವರಿಗೆ ಹಿಡಿಸುತ್ತದೆ, ನನಗೆ ಇಲ್ಲ. ಅಡ್ಡ ಕತ್ತರಿಸಿದರೆ ಕೆಳಗಿನ ಅರ್ಧ ಚೆನ್ನಾಗಿ ಕೂರುತ್ತದೆ, ಮೇಲಿನ ಅರ್ಧ ಗುಂಡಗಿರುವುದರಿಂದ ತಟ್ಟೆಯಲ್ಲಿ ಉರುಳಾಡುತ್ತದೆ. ಖಾರ ಬನ್ ಆದರೆ ಬೇರೆ ಮಾತು. ಹಸಿಮೆಣಸು, ಕೊತ್ತಂಬರಿ, ಈರುಳ್ಳಿ ಹಿಟ್ಟಿನಲ್ಲೇ ಇರುವ ಆ ಬನ್ ಮೇಲೆ ಸಾದಾ ಮೆಣಸು-ಉಪ್ಪಿನ ಕೈಮಾ ಹಾಕಿ ನೋಡಿ. ಪಾವ್ ಮಾತ್ರ ಬೇಡ. ಪಾವ್ ಇರುವುದೇ ಪಕ್ಕದಲ್ಲಿಟ್ಟು ಅದ್ದಿಕೊಂಡು ತಿನ್ನಲು.

ಕೋಲಾರದವರು ರಾಗಿ ಬಿಟ್ಟು ಮಾತಾಡುವುದುಂಟೇ? ರಾಗಿಯಲ್ಲಿ ಮೈದಾದ ಹಾಗೆ ಜಿಗುಟು ಹಿಡಿಯುವ ಅಂಶ ಇಲ್ಲ. ಹಾಗಾಗಿ ರಾಗಿ ಬ್ರೆಡ್ ಅಂತ ಬರುವುದರಲ್ಲಿ ಮೈದಾವೋ ಗೋಧಿಯೋ ಸೇರಿರಲೇಬೇಕು. ರಾಗಿ ಜಾಸ್ತಿ ಇದ್ದಷ್ಟೂ ಪುಡಿಪುಡಿ. ರುಚಿಗೆ ಮಾತ್ರ ಕೈಮಾ ಜೊತೆ ಭಾರಿ ಹೊಂದುತ್ತದೆ. ದಪ್ಪ ಸ್ಲೈಸ್, ಚೆನ್ನಾಗಿ ಕಾಯಿಸಿದ್ದು, ಮೇಲೆ ಪೂರ್ತಿ ಡ್ರೈ ಕೈಮಾ ಆದರೆ ನಡೆಯುತ್ತದೆ. ಗ್ರೇವಿ ಅದರ ಹತ್ತಿರ ತರಬೇಡಿ. ಗೋಧಿ ಬ್ರೆಡ್ ಬಿಳಿ ಬ್ರೆಡ್‌ಗಿಂತ ಸ್ವಲ್ಪ ಹೆಚ್ಚು ತಡೆಯುತ್ತದೆ, ಅಷ್ಟು ಹೇಳಿದರೆ ಸಾಕು.

ಡ್ರೈಯೋ, ಗ್ರೇವಿಯೋ?

ಇಲ್ಲಿ ನಾಲ್ಕು ದಾರಿ ಇದೆ. ನಾಲ್ಕನ್ನೂ ಸಮನಾಗಿ ಹೊಗಳಲು ನನಗೆ ಮನಸ್ಸಿಲ್ಲ.

ಮೊದಲನೆಯದು ಸ್ಲಾಪಿ ಜೋ ಥರದ್ದು. ಅಮೆರಿಕದಲ್ಲಿ ಕೈಮಾ, ಈರುಳ್ಳಿ, ಕ್ಯಾಪ್ಸಿಕಂ ಹುರಿದು ಟೊಮೇಟೊ ಸಾಸ್ ಅಥವಾ ಕೆಚಪ್, ಸಾಸಿವೆ, ಸ್ವಲ್ಪ ಕಂದು ಸಕ್ಕರೆ ಹಾಕಿ ಅಂಟಂಟಾಗಿ ಇಳಿಸುತ್ತಾರೆ. ಅಲ್ಲಿ ಬನ್‌ನಲ್ಲಿ ಕೊಡುವುದು ರೂಢಿ, ದಪ್ಪ ಟೋಸ್ಟ್ ಮೇಲೆ ಹಾಕಿದರೆ ಇನ್ನೂ ಚೆನ್ನ. ನಮ್ಮ ಊರಿಗೆ ಅತಿ ಹತ್ತಿರದ್ದು ಇದೇ. ಕೋಲಾರದ ಎಪಿಎಂಸಿ ದೇಶದ ಅತಿ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ಅಷ್ಟು ಟೊಮೇಟೊ ಮನೆ ಪಕ್ಕ ಇರುವಾಗ ಕೆಚಪ್ ಬಾಟಲಿ ಯಾಕೆ?

ಆದರೆ ಯಾವ ಟೊಮೇಟೊ ಅನ್ನುವುದು ನೋಡಬೇಕು. ನಾಟಿ ಟೊಮೇಟೊ ಹುಳಿ, ರಸ ಜಾಸ್ತಿ, ಸಿಪ್ಪೆ ತೆಳು. ಹೈಬ್ರಿಡ್ ಗಟ್ಟಿ, ದಪ್ಪ ತೊಗಲು, ನೀರು ಕಡಿಮೆ, ರುಚಿಯೂ ಸ್ವಲ್ಪ ಸಪ್ಪೆ. ಸಾರಿಗೆ ನಾಟಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಈ ಟೋಸ್ಟ್‌ಗೆ ಎರಡನ್ನೂ ಬೆರೆಸಿ: ಎರಡು ಹೈಬ್ರಿಡ್, ಒಂದು ನಾಟಿ. ಬರೀ ನಾಟಿ ಹಾಕಿದರೆ ರಸ ಇಂಗಿಸುವಷ್ಟರಲ್ಲಿ ಕೈಮಾ ಬೆಂದು ಬೆಂದು ಸೋಲುತ್ತದೆ.

ಅರ್ಧ ಕೆಜಿ ಕೈಮಾದಲ್ಲಿ ಆರು ದಪ್ಪ ಸ್ಲೈಸ್ ಆಗುತ್ತದೆ. ಅಗಲ ಬಾಣಲೆ ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಬಿಟ್ಟು, ಕೈಮಾ ಹರಡಿ ಬಿಡಿ. ಕೈಯಾಡಿಸುವ ಆಸೆ ತಡೆದುಕೊಳ್ಳಿ. ಮೊದಲು ಬೂದು ಬಣ್ಣಕ್ಕೆ ತಿರುಗಿ ನೀರು ಬಿಟ್ಟು ಕೊತಕೊತ ಅನ್ನುತ್ತದೆ. ಆಮೇಲೆ ಸದ್ದು ನಿಧಾನಕ್ಕೆ ಬದಲಾಗುತ್ತದೆ. ಕೊತಕೊತ ನಿಂತು ಚಟಪಟ ಶುರುವಾದರೆ ನೀರು ಹೋಗಿ ಕೊಬ್ಬು ಮಾತ್ರ ಉಳಿದಿದೆ ಅಂತ. ಆಗ ತಳದಿಂದ ಎಬ್ಬಿಸಿ ತಿರುವಿ ಹಾಕಿ. ತಳದಲ್ಲಿ ಕಂದು ಪದರ ಹಿಡಿದಿರುತ್ತದೆ, ಅದೇ ರುಚಿಯ ಮೂಲ. ಈರುಳ್ಳಿ ಎರಡು, ಕ್ಯಾಪ್ಸಿಕಂ ಒಂದು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು ಹಾಕಿ ಬಾಡಿಸಿ. ಟೊಮೇಟೊ ಹಾಕಿ ಅದರ ಹುಳಿ ನೀರಿನಲ್ಲೇ ಆ ಕಂದು ಪದರ ಕೆರೆದು ಕರಗಿಸಿ. ಗೋಲಿಯಷ್ಟು ಬೆಲ್ಲ ಹಾಕಿ. ಎಳೆ ಕುರಿಯದ್ದು ಬೇಗ ಬೇಯುತ್ತದೆ. ಬಲಿತ ಮಾಂಸವಾದರೆ ಸ್ವಲ್ಪ ನೀರು ಹಾಕಿ ಮುಚ್ಚಿಟ್ಟು ಮೆತ್ತಗಾಗುವ ತನಕ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ಇಂಗಿಸಿ.

ಕೊನೆಗೂ ಸ್ವಲ್ಪ ತೆಳು ಅನ್ನಿಸಿದರೆ ಒಂದು ದೊಡ್ಡ ಚಮಚ ಹುರಿಗಡಲೆ ಪುಡಿ ಉದುರಿಸಿ. ಕೈಮಾ ಉಂಡೆ ಒಡೆಯದೆ ಇರಲು ಹಾಕುತ್ತೇವಲ್ಲ, ಅದೇ. ಅಮೆರಿಕದವರು ಈ ಜಾಗದಲ್ಲಿ ಮೈದಾ ಅಥವಾ ಮೆಕ್ಕೆಜೋಳದ ಪಿಷ್ಟ ಹಾಕುತ್ತಾರೆ. ಹುರಿಗಡಲೆ ಅವೆರಡಕ್ಕಿಂತ ಒಳ್ಳೆಯದು, ಹಸಿ ವಾಸನೆ ಬರುವುದಿಲ್ಲ. ಬಾಣಲೆಯಲ್ಲಿ ಸೌಟಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಆ ಹದಕ್ಕೆ ಬಂದ ಮೇಲೆಯೇ ಬ್ರೆಡ್ ಮೇಲೆ.

ಎರಡನೆಯದು ಗ್ರೇವಿ ಟೋಸ್ಟ್. ಇದರಲ್ಲಿ ನೀರಿನ ಲೆಕ್ಕವೇ ತಿರುಗುಮುರುಗು. ಅಮೆರಿಕದ ಹಳೆ ಹೋಟೆಲುಗಳಲ್ಲಿ ಬಿಳಿ ಬ್ರೆಡ್ ಮೇಲೆ ಕೈಮಾ ವಡೆ ಇಟ್ಟು, ಅದರ ಮೇಲೆ ಕಂದು ಗ್ರೇವಿ ಸುರಿದು, ಪಕ್ಕದಲ್ಲಿ ಆಲೂಗಡ್ಡೆ ಕೊಡುತ್ತಾರೆ. ಬ್ರಿಟನ್, ನ್ಯೂಜಿಲೆಂಡ್‌ನಲ್ಲಿ ಸಾದಾ ಕೈಮಾ ಗ್ರೇವಿಯನ್ನೇ ಟೋಸ್ಟ್ ಮೇಲೆ ಹಾಕುತ್ತಾರೆ. ಬ್ರೆಡ್ ನೆನೆಯಬೇಕು ಅನ್ನುವುದೇ ಉದ್ದೇಶ, ಚಾಕು-ಫೋರ್ಕ್‌ನಲ್ಲಿ ತಿನ್ನುವುದು. ಇದಕ್ಕೆ ಮೆತ್ತನೆ ಬ್ರೆಡ್ ಆದರೂ ಪರವಾಗಿಲ್ಲ, ಆದರೆ ಗ್ರೇವಿ ಸುರಿಯುವುದು ಎಲ್ಲರೂ ಕೂತ ಮೇಲೆ. ಎಮ್ಮೆ ಮಾಂಸ, ಬಲಿತ ಮೇಕೆ, ಕೊಚ್ಚಿದ ಕೈಮಾ ಎಲ್ಲಕ್ಕೂ ಇದೇ ಸರಿಯಾದ ದಾರಿ. ಸಬ್ಬಸಿಗೆ ಸೊಪ್ಪು ಒಂದು ಹಿಡಿ ಹಾಕಿದರೆ ಇದು ಪೂರ್ತಿ ನಮ್ಮದಾಗುತ್ತದೆ. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸೇರಿಸಿದರೆ, ಬ್ರೆಡ್ ಬೇಡ ಮುದ್ದೆ ತಗೊಂಬಾ ಅಂತಾರೆ ನಮ್ಮತ್ತೆ. ಅದೂ ಸರಿಯೇ.

ಇದರದ್ದೇ ಒಂದು ಬಿಳಿ ತಂಗಿ ಇದೆ. ಅಮೆರಿಕದ ಸೈನ್ಯದಲ್ಲಿ ಹಾಲು, ಮೈದಾ, ಬೆಣ್ಣೆಯ ಸಾಸ್‌ನಲ್ಲಿ ಮಾಂಸ ಬೆರೆಸಿ ಟೋಸ್ಟ್ ಮೇಲೆ ಹಾಕಿ ಬೆಳಗಿನ ತಿಂಡಿಗೆ ಕೊಡುತ್ತಿದ್ದರು. ಖಾರ ತಿನ್ನದ ಮಕ್ಕಳಿಗೆ ಆಗುತ್ತದೆ. ದೊಡ್ಡವರಿಗೆ ಕಾಳುಮೆಣಸು ಕುಟ್ಟಿ ಧಾರಾಳವಾಗಿ ಹಾಕದಿದ್ದರೆ ಸಪ್ಪೆ ಸಪ್ಪೆ. ಚಿಕನ್‌ಗೆ ಮಾತ್ರ ಮಾಡಿ.

ಮೂರನೆಯದು ಹಸಿ ಕೈಮಾನೇ ಬ್ರೆಡ್ ಮೇಲೆ ಹರಡಿ ಓವನ್‌ನಲ್ಲಿ ಬೇಯಿಸುವುದು. ಕೆಲಸ ಕಡಿಮೆ, ಪಾತ್ರೆ ಕಡಿಮೆ. ಬ್ರೆಡ್‌ನ ಅಂಚು ಮುಚ್ಚುವ ಹಾಗೆ ಹರಡಬೇಕು, ಯಾಕೆಂದರೆ ಮಾಂಸ ಬೆಂದಂತೆ ಒಳಗೆ ಸೆಳೆದುಕೊಳ್ಳುತ್ತದೆ, ಬರಿದಾದ ಅಂಚು ಸುಟ್ಟು ಕರಿಯಾಗುತ್ತದೆ. ಉಪ್ಪನ್ನು ಇನ್ನೇನು ಹರಡಬೇಕು ಅನ್ನುವಾಗ ಮಾತ್ರ ಹಾಕಿ. ಉಪ್ಪು ಬೆರೆಸಿ ನಾದಿ ಇಟ್ಟರೆ ಮಾಂಸ ರಬ್ಬರಿನಂತಾಗುತ್ತದೆ. ಈ ವಿಧಾನ ನೋಡಲು ಸುಲಭ, ಆದರೆ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಕೈಮಾ ಬಿಡುವ ನೀರು, ಕೊಬ್ಬು ಎಲ್ಲ ನೇರ ಬ್ರೆಡ್‌ಗೇ ಇಳಿಯುತ್ತದೆ. ಮಟನ್ ಒಳಗೆ 71 ಡಿಗ್ರಿ, ಚಿಕನ್ 74 ಡಿಗ್ರಿ ಮುಟ್ಟಲೇಬೇಕು, ಮನೆಯ ಸಣ್ಣ ಓವನ್‌ನಲ್ಲಿ ಮೇಲ್ಮೈ ಕೆಂಪಾದರೂ ಒಳಗೆ ಹಸಿಯಾಗಿರಬಹುದು. ಅಡುಗೆಯ ಥರ್ಮಾಮೀಟರ್ ಇದ್ದವರು ಕುರಿ ಕೈಮಾ ತೆಳ್ಳಗೆ ಹರಡಿ ಮಾಡಬಹುದು.

ನಾಲ್ಕನೆಯದು ಡೆನ್ಮಾರ್ಕಿನ ಪಾರಿಸರ್‌ಬೋಫ್. ಬೀಫ್ ಕೈಮಾ ವಡೆಯನ್ನು ಬೆಣ್ಣೆಯಲ್ಲಿ ಕಾಯಿಸಿ ಬ್ರೆಡ್ ಮೇಲಿಟ್ಟು, ಹಸಿ ಈರುಳ್ಳಿ, ಬೀಟ್‌ರೂಟ್ ಉಪ್ಪಿನಕಾಯಿ, ಮೇಲೆ ಹಸಿ ಮೊಟ್ಟೆಯ ಹಳದಿ ಇಡುತ್ತಾರೆ. ವಡೆಯ ಒಳಗೆ ಸ್ವಲ್ಪ ಹಸಿ ಬಿಡುವವರೂ ಇದ್ದಾರೆ. ನಮ್ಮ ಸಂತೆ ಕೈಮಾಗೆ ಅದು ಬೇಡ, ಪೂರ್ತಿ ಬೇಯಿಸಿ. ಹಸಿ ಹಳದಿ ಬದಲು ಎರಡೂ ಕಡೆ ಬೆಂದ ಮೊಟ್ಟೆ ಹಾಕಿ. ಇದರಲ್ಲಿ ನಾವು ತೆಗೆದುಕೊಳ್ಳಬೇಕಾದ್ದು ಬೀಟ್‌ರೂಟ್. ಬೇಯಿಸಿ ತೆಳ್ಳಗೆ ಕತ್ತರಿಸಿ ವಿನೆಗರ್, ಉಪ್ಪು, ಸಕ್ಕರೆಯಲ್ಲಿ ಅರ್ಧ ದಿನ ನೆನೆಸಿಟ್ಟರೆ ಮಟನ್ ಕೊಬ್ಬಿನ ಭಾರ ಕಡಿಮೆ ಮಾಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಸಿದು ಹಾಕಿ, ಇಲ್ಲದಿದ್ದರೆ ಮತ್ತೆ ಅದೇ ನೀರಿನ ಕಥೆ.

ತವಾ, ಓವನ್, ಚೀಸ್

ತವಾ ಸಾಕು. ಕೈಮಾ ಹೇರಿದ ಟೋಸ್ಟ್ ಮೇಲೆ ಚೀಸ್ ತುರಿದು, ತವಾ ಮೇಲಿಟ್ಟು, ಅಂಚಿಗೆ ಎರಡು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿದರೆ ಒಂದು ನಿಮಿಷದಲ್ಲಿ ಕರಗುತ್ತದೆ. ಓವನ್ ಇದ್ದರೆ 200 ಡಿಗ್ರಿಗೆ ಕಾಯಿಸಿ ಮೇಲಿನ ಕಂಬಿ ಮಾತ್ರ ಹಾಕಿ, ಚೀಸ್ ಮೇಲೆ ಕಂದು ಚುಕ್ಕೆ ಬಂದ ತಕ್ಷಣ ತೆಗೆಯಿರಿ. ಮೈಕ್ರೋವೇವ್‌ನಲ್ಲಿ ಬ್ರೆಡ್ ಮೊದಲು ಮೆತ್ತಗಾಗಿ ಆಮೇಲೆ ತೊಗಲಾಗುತ್ತದೆ, ಅದನ್ನು ಕೈಮಾ ಬಿಸಿ ಮಾಡಲು ಮಾತ್ರ ಇಟ್ಟುಕೊಳ್ಳಿ. ಚೀಸ್ ಡ್ರೈ ಕೈಮಾಗೆ ಒಳ್ಳೆಯದು, ಉದುರುವ ಹರಳನ್ನು ಹಿಡಿದಿಡುತ್ತದೆ. ಗ್ರೇವಿಗೆ ದಂಡ.

ಯಾರಿಗೆ ಯಾವುದು

ಇಬ್ಬರೇ ಇರುವ ಮನೆ, ಕೂತಲ್ಲೇ ಬಿಸಿಯಾಗಿ ತಿನ್ನುವವರು: ಕುರಿ ಕೈಮಾ, ಟೊಮೇಟೊ ಹಾಕಿದ ಮೊದಲನೆಯ ವಿಧಾನ, ನೆನ್ನೆಯ ಬೇಕರಿ ಬ್ರೆಡ್. ನಾಲ್ಕು ಜನ ನಾಲ್ಕು ಹೊತ್ತಿಗೆ ಬರುವ ಮನೆ: ಚಿಕನ್ ತೊಡೆ ಅಥವಾ ಮಟನ್-ಚಿಕನ್ ಬೆರಕೆ, ಡ್ರೈ. ಬ್ರೆಡ್ ಮುಂಚೆಯೇ ಕಾಯಿಸಿಟ್ಟು ಹೇರುವುದು ಮಾತ್ರ ಬಂದವರು ಬಂದಾಗ. ಬೀಫ್ ತಿನ್ನುವ ಮನೆ: ಕುಕ್ಕರ್, ಗ್ರೇವಿ, ಮೆತ್ತನೆ ಬ್ರೆಡ್, ಆತುರ ಬೇಡ. ಹಾಸ್ಟೆಲ್‌ನಿಂದ ಹಸಿದು ಬಂದ ಮಗನಿಗೆ ಯಾವುದಾದರೂ ನಡೆಯುತ್ತದೆ, ಎರಡು ಸ್ಲೈಸ್ ಜಾಸ್ತಿ ಕಾಯಿಸಿಡಿ.

ಡ್ರೈ ಕೈಮಾ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಬೇಸಿಗೆಯಲ್ಲಿ ಇನ್ನೂ ಬೇಗ. ಬೆಳಿಗ್ಗೆ ಬಾಣಲೆಯಲ್ಲಿ ಹಬೆ ಏಳುವ ಹಾಗೆ ಬಿಸಿ ಮಾಡಿ ದೋಸೆ ಒಳಗೆ ಹರಡಿ ಮಡಚಬಹುದು, ಮೊಟ್ಟೆ ಒಡೆದು ಹಾಕಿ ಪಲ್ಯದ ಹಾಗೆ ಕಲಸಿದರೆ ಚಪಾತಿಗೂ ಆಗುತ್ತದೆ. ಒಮ್ಮೆ ಕೈಮಾ ಹೇರಿದ ಬ್ರೆಡ್ ಮಾತ್ರ ಎತ್ತಿಡಬೇಡಿ, ಅದು ಆವತ್ತೇ ಮುಗಿಯಬೇಕು.